ನಿಲ್ದಾಣದ ಗೋಡೆಯ ಆಚೆಗೆ

ಅಮೃತ ಭಾರತ ನಿಲ್ದಾಣ ಯೋಜನೆಯನ್ನು ರೈಲ್ವೆ ಇಲಾಖೆ 2023ರಲ್ಲಿ ಕೈಗೆತ್ತಿಕೊಂಡಾಗ ಅದರ ಪಟ್ಟಿಯಲ್ಲಿ ಸಾಗರ ಜಂಬಗಾರು ಮತ್ತು ತಾಳಗುಪ್ಪ ನಿಲ್ದಾಣಗಳೂ ಸೇರಿದವು. ಇಕ್ಕೇರಿ ಸೀಮೆಗೆ ಇದು ಸಂತೋಷದ ಸಂಗತಿಯೇ. ಆದರೆ ಸರ್ಕಾರಿ ಕಡತಗಳ ನಡುವೆ ಸೇವಾವಧಿಯನ್ನು ಕಳೆದ ನನ್ನನ್ನು ಕಾಡುವ ಪ್ರಶ್ನೆ ಬೇರೆ: ನಿಲ್ದಾಣದ ಗೋಡೆಯ ಆಚೆಗಿನ ಅರ್ಧ ಕಿಲೋಮೀಟರಿಗೆ ಯೋಜಕರು ಯಾರು?

ಮೇಲ್ಛಾವಣಿ, ಪಾದಚಾರಿ ಸೇತುವೆ, ವಿಶ್ರಾಂತಿ ಕೊಠಡಿಗಳು ರೈಲ್ವೆಯ ಹೊಣೆ. ಹೊರಗಿನ ರಸ್ತೆ, ಚರಂಡಿ, ಬೀದಿದೀಪ ನಗರಸಭೆಯವು. ಬಸ್ಸುಗಳ ವೇಳೆ ನಿಗದಿಯಾಗುವುದು ಮತ್ತೊಂದು ಕಚೇರಿಯಲ್ಲಿ. ಒಬ್ಬರ ನಕ್ಷೆ ಇನ್ನೊಬ್ಬರ ಮೇಜಿಗೆ ಬರುವುದು ನಮ್ಮ ಆಡಳಿತದಲ್ಲಿ ಅಪರೂಪ. ಹೊಸನಗರ, ತೀರ್ಥಹಳ್ಳಿ ಪಟ್ಟಣಗಳಿಗೆ ರೈಲೇ ಇಲ್ಲದಿರುವಾಗ, ರೈಲಿಗೆ ಹೊಂದಿಕೊಂಡ ಬಸ್ಸು ಇಲ್ಲಿ ಸೌಕರ್ಯವಲ್ಲ, ಅಗತ್ಯ.

ಕಟ್ಟಡದ ನವೀಕರಣಕ್ಕೆ ಸಮೀಪದಲ್ಲೇ ಉದಾಹರಣೆಯಿದೆ. ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಪ್ರಸಿದ್ಧವಾದ ಅರಸಾಳಿನ ಹಳೆಯ ನಿಲ್ದಾಣ 2020ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದು ಸ್ವಾಗತಾರ್ಹ. ಆದರೆ ಕಟ್ಟಡಕ್ಕೆ ಜೀವ ಬಂದ ಮಾತ್ರಕ್ಕೆ ನೆರೆಹೊರೆಗೆ ಜೀವನೋಪಾಯ ತಾನಾಗಿ ಒದಗುವುದಿಲ್ಲ.

ಅರ್ಥಶಾಸ್ತ್ರದ ಒಂದು ಸರಳ ಸತ್ಯವನ್ನು ಇಲ್ಲಿ ನೆನೆಯಬೇಕು. ಸಾರ್ವಜನಿಕ ಹಣದಿಂದ ನಿಲ್ದಾಣ ಉತ್ತಮಗೊಂಡರೆ ಸುತ್ತಲಿನ ನೆಲದ ಬೆಲೆ ಏರುತ್ತದೆ. ಜಪಾನಿನಲ್ಲಿ ಕೊಬಯಾಶಿ ಇಚಿಜೊ 1910ರಲ್ಲೇ ಹಳಿಯ ಪಕ್ಕದ ಭೂಮಿಯಲ್ಲಿ ಮನೆ ಕಟ್ಟಿಸಿ ಮಾರಿ, ಆ ಏರಿಕೆಯನ್ನು ರೈಲಿಗೆ ಆಸರೆಯಾಗಿಸಿದರು. ನಮ್ಮಲ್ಲಿ ಅದು ಬಹುಪಾಲು ನಿವೇಶನ ವ್ಯಾಪಾರಿಯ ಜೇಬು ಸೇರುತ್ತದೆ. ಬಾಡಿಗೆ ತೆರಲಾಗದ ಸಣ್ಣ ಅಂಗಡಿಯವನು ಜಾಗ ಬಿಡುತ್ತಾನೆ. ಉಳುವವನ ಹಕ್ಕಿಗಾಗಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕಿನಲ್ಲಿ ‘ನೆಲದ ಲಾಭ ಯಾರಿಗೆ’ ಎಂಬ ಪ್ರಶ್ನೆ ಹೊಸದೇನಲ್ಲ.

ಕಾನೂನಿನ ಕೊರತೆಯೂ ಇಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961, ನಿವೇಶನಗಳನ್ನು ಮರುಹೊಂದಿಸಲು ಮತ್ತು ಏರಿದ ಬೆಲೆಯಲ್ಲಿ ಒಂದು ಪಾಲನ್ನು ಅಭಿವೃದ್ಧಿಗಾಗಿ ಪಡೆಯಲು ಅವಕಾಶ ಕೊಟ್ಟಿದೆ. ಅದನ್ನು ಬಳಸಿ ರೈಲ್ವೆ, ನಗರಸಭೆ, ಸಾರಿಗೆ ಅಧಿಕಾರಿಗಳು ಒಂದೇ ನಕ್ಷೆ ಸಿದ್ಧಪಡಿಸಲಿ. ಮಳೆಗಾಲದಲ್ಲಿ ನೆನೆಯದೆ ನಡೆಯಬಹುದಾದ ದಾರಿ, ಗುಡಿಗಾರರ ಗಂಧದ ಕೆತ್ತನೆಗೂ ಬೀದಿ ವ್ಯಾಪಾರಿಗಳಿಗೂ ಕೈಗೆಟುಕುವ ಬಾಡಿಗೆಯ ಮಳಿಗೆ, ಜೋಗ, ಕೆಳದಿ, ಹೆಗ್ಗೋಡುಗಳಿಗೆ ಹೊರಡುವ ಬಸ್ಸು ಅದರಲ್ಲಿರಲಿ.

ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆದಿದೆ. ಯಾತ್ರಿಕರ ಓಡಾಟ ಹೆಚ್ಚುವ ಈ ಹೊತ್ತಿನಲ್ಲಿ ನಕ್ಷೆ ಮೊದಲು ಸಿದ್ಧವಾಗಬೇಕು. ನಿವೇಶನಗಳು ಕೈಬದಲಾದ ಮೇಲೆ ಯೋಜಿಸಲು ಉಳಿಯುವುದು ಚರಂಡಿ ಮಾತ್ರ.