ಒಂದೇ ಹಲಗೆ, ನಲವತ್ತು ವರ್ಷ

ಜಪಾನಿನ ಪದ್ಧತಿಯ ಬಣ್ಣದ ಮರದಚ್ಚು ಚಿತ್ರಕ್ಕೆ ಬಣ್ಣಕ್ಕೊಂದು ಹಲಗೆ ಕೆತ್ತಬೇಕು. ಅಮೆರಿಕದ ಪೂರ್ವ ಕರಾವಳಿಯ ಪ್ರಾವಿನ್ಸ್‌ಟೌನ್ ಎಂಬ ಮೀನುಗಾರರ ಊರಿನಲ್ಲಿ ಕಲಾವಿದ ಬ್ರೋರ್ ನಾರ್ಡ್‌ಫೆಲ್ಟ್ 1915ರ ಸುಮಾರಿಗೆ ಈ ತಾಪತ್ರಯಕ್ಕೆ ಬೇಸತ್ತು, ಇಡೀ ಚಿತ್ರವನ್ನು ಒಂದೇ ಹಲಗೆಯಲ್ಲಿ ಕೂರಿಸುವ ಉಪಾಯ ಕಂಡುಕೊಂಡರು. ಕೀರ್ತಿ ಅವರಿಗೆ ಸಂದಿತು. ಕೆಲವೇ ಚಿತ್ರ ಮಾಡಿ ಅವರು ಬೇರೆಡೆ ಹೊರಳಿದರು. ಆ ವಿದ್ಯೆಯನ್ನು ಕೈಬಿಡದೆ ಬೆಳೆಸಿದವರು ಬ್ಲಾಂಚ್ ಲಜೆಲ್.

ವೆಸ್ಟ್ ವರ್ಜೀನಿಯಾದ ರೈತಾಪಿ ಮನೆಯಲ್ಲಿ 1878ರಲ್ಲಿ ಹುಟ್ಟಿದವರು; ಹತ್ತು ಮಕ್ಕಳಲ್ಲಿ ಒಂಬತ್ತನೆಯವರು. ಕಿವಿ ಮಂದ. ನ್ಯೂಯಾರ್ಕ್, ಪ್ಯಾರಿಸ್‌ಗಳಲ್ಲಿ ಕಲಿತು 1915ರಲ್ಲಿ ಪ್ರಾವಿನ್ಸ್‌ಟೌನಿಗೆ ಬಂದರು. ಮರುವರ್ಷ ಆಲಿವರ್ ಚಾಫಿ ಎಂಬ ಕಲಾವಿದರಿಂದ ಈ ಕೆತ್ತನೆ ಕಲಿತರು.

ಕೆಲಸ ಹೀಗೆ: ಹಲಗೆಯ ಮೇಲೆ ಚಿತ್ರ ಬರೆದು, ಗೆರೆಗಳ ಗುಂಟ ಸಣ್ಣ ತೋಡು ತೆಗೆಯಬೇಕು. ಕಾಗದದ ಒಂದು ಅಂಚನ್ನು ಹಲಗೆಗೆ ಪಿನ್ನು ಹೊಡೆದು ಕೂರಿಸಬೇಕು. ಆಮೇಲೆ ಒಂದು ಎಲೆಗೋ ಒಂದು ಸೂರಿಗೋ ಜಲವರ್ಣ ಹಚ್ಚಿ, ಅದು ಆರುವ ಮೊದಲೇ ಕಾಗದ ಮಗುಚಿ, ಚಮಚದ ಬೆನ್ನಿನಿಂದ ಉಜ್ಜಿ, ಎತ್ತಿ ನೋಡಿ, ಪಕ್ಕದ ಭಾಗಕ್ಕೆ ಹೋಗಬೇಕು. ತೋಡಿಗೆ ಬಣ್ಣ ತಾಗದ್ದರಿಂದ ಬಣ್ಣಗಳ ನಡುವೆ ಬಿಳಿ ಗೆರೆ ಉಳಿಯುತ್ತದೆ. ಒಂದು ಪ್ರತಿಗೇ ಇಷ್ಟು ಪಾಡು. ಅದೂ ಹಿಂದಿನದರಂತೆ ಬರುವುದಿಲ್ಲ. ಒಂದು ಹಲಗೆಯಿಂದ ಲಜೆಲ್ ತೆಗೆಯುತ್ತಿದ್ದುದು ಬೆರಳೆಣಿಕೆಯ ಪ್ರತಿಗಳು. ಅಚ್ಚಿನ ಕಲೆಯಲ್ಲಿ ಹೆಸರು ಹಬ್ಬುವುದು ಪ್ರತಿಗಳು ಹಬ್ಬಿದಂತೆ. ಅವರು ಮರೆಯಲ್ಲೇ ಉಳಿದದ್ದಕ್ಕೆ ಹೆಣ್ಣೆಂಬ ಕಾರಣದ ಜೊತೆ ಇದೂ ಒಂದು ಎನಿಸುತ್ತದೆ.

ಪ್ರಾವಿನ್ಸ್‌ಟೌನಿನ ದಕ್ಕೆಯ ಮೇಲಿನ ಹಳೆಯ ಮೀನಿನ ಕೊಟ್ಟಿಗೆಯೇ ಅವರ ಸ್ಟುಡಿಯೊ. ಹೊರಗೆ ತಾವೇ ಬೆಳೆಸಿದ ಹೂಗಿಡ, ಆಚೆ ದೋಣಿ, ಒಂದರ ಮೇಲೊಂದು ಬಿದ್ದಂತಿರುವ ಮನೆಗಳ ಮಾಡು: ವಿಷಯಕ್ಕಾಗಿ ಅವರು ದೂರ ಅಲೆಯಲಿಲ್ಲ. ಕಲಿಕೆಗೆ ಮಾತ್ರ ಎಷ್ಟು ದೂರವಾದರೂ ಸರಿ. 1923ರಲ್ಲಿ, ನಲವತ್ತೈದರ ಆಸುಪಾಸಿನಲ್ಲಿ, ಮತ್ತೆ ಪ್ಯಾರಿಸ್‌ಗೆ ಹೋಗಿ ಫೆರ್ನಾಂ ಲೆಜೆ, ಆಂದ್ರೆ ಲೋಟ್, ಆಲ್ಬೆರ್ ಗ್ಲೇಜ್ ಎಂಬ ಚಿತ್ರಕಾರರಲ್ಲಿ, ಕಂಡದ್ದನ್ನು ಕೋನ-ಆಕಾರಗಳಾಗಿ ಒಡೆದು ಬರೆಯುವ ಕ್ಯೂಬಿಸಂ ಕಲಿತರು. ಹೂವು, ಮಾಡುಗಳಾಚೆ ಬರೀ ಆಕಾರಗಳ ಅಮೂರ್ತ ಚಿತ್ರಗಳನ್ನೂ ಕೆತ್ತಿದರು. ಅರವತ್ತರ ಹೊಸ್ತಿಲಲ್ಲಿ ತಮಗಿಂತ ಕಿರಿಯರಾದ ಚಿತ್ರಕಾರ ಹಾನ್ಸ್ ಹಾಫ್‌ಮನ್ ತರಗತಿಗೂ ಸೇರಿದರು.

1956ರಲ್ಲಿ ತೀರಿಕೊಂಡರು. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ ಅವರ ಮರದಚ್ಚುಗಳ ದೊಡ್ಡ ಪ್ರದರ್ಶನ ಏರ್ಪಡಿಸಿದ್ದು 2002ರಲ್ಲಿ.