ಕೋವಿಯನ್ನು ಶುಚಿಮಾಡುವ ರೂಢಿ

ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಮುಹೂರ್ತದ ಹಬ್ಬ ಬರುತ್ತದೆ. ಅಂದು ಮನೆಯ ಆಯುಧಗಳನ್ನು ಶುಚಿಮಾಡಿ, ದೇವರ ಕೋಣೆಯಲ್ಲಿಟ್ಟು, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಕೊಡವ ನುಡಿಯಲ್ಲಿ ತೋಕ್ ಎಂದರೆ ಕೋವಿ. ಆಯುಧ ಕಾನೂನಿನಿಂದ ಕೊಡವರಿಗೆ 1861ರಲ್ಲಿ ದೊರೆತ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ವಿಸ್ತರಿಸಿತು. ಮಲೆನಾಡಿನ ಇತರ ಕಡೆಗಳಲ್ಲಿಯೂ ಬೆಳೆಯ ರಕ್ಷಣೆಗೆಂದು ಲೈಸೆನ್ಸ್ ಪಡೆದು ಕೋವಿ ಇಟ್ಟುಕೊಂಡ ಮನೆಗಳುಂಟು. ಇಂಥ ಮನೆಗಳವರೆಲ್ಲ ಅರಿತಿರತಕ್ಕ ಮಾತೊಂದಿದೆ: ಪೂಜೆ ವರ್ಷಕ್ಕೊಮ್ಮೆಯಾದರೂ ಆದೀತು, ಶುಚಿಮಾಡುವ ಕೆಲಸ ಮಾತ್ರ ಈಡು ಹೊಡೆದ ದಿನವೇ ಆಗಬೇಕು.

ಇದಕ್ಕೆ ಕಾರಣ ಮದ್ದಿನಲ್ಲಿಯೇ ಇದೆ. ಕೇಪಿನ ಕೋವಿಗೆ ತುಂಬುವ ಕರಿಮದ್ದಿನಲ್ಲಿ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದು ಸುಟ್ಟಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದ ಲವಣಗಳಾಗುತ್ತದೆ. ಅದರಲ್ಲಿ ಒಂದಷ್ಟು ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವಂತೆ ಈ ಮಸಿಯೂ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನತೊಡಗುತ್ತದೆ. ರಾತ್ರಿ ಕಳೆಯುವುದರೊಳಗೆ ತುಕ್ಕು ಹುಟ್ಟಬಹುದು. ತುಕ್ಕನ್ನು ಉಜ್ಜಿ ತೆಗೆಯಬಹುದು, ಅದು ಕೊರೆದ ಕುಳಿಯನ್ನು ತುಂಬಲಾಗದು. ಕುಳಿ ಆಳವಾದಷ್ಟೂ ನಳಿಗೆಯ ಬಲ ಕುಗ್ಗುತ್ತದೆ.

ಕೆಲವರು ಎಣ್ಣೆ ಸವರಿ ಸುಮ್ಮನಾಗುತ್ತಾರೆ. ಲವಣ ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಆದಕಾರಣ ಮೊದಲು ನೀರು, ಆಮೇಲೆ ಎಣ್ಣೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ .303 ರೈಫಲ್ಲಿನ ನಳಿಗೆಗೆ ಸೈನಿಕರು ಕುದಿನೀರು ಹೊಯ್ಯುತ್ತಿದ್ದುದೂ ಇದೇ ಕಾರಣದಿಂದ. ಆ ತೋಟೆಗಳ ಕೇಪಿನಿಂದ ಉಳಿಯುತ್ತಿದ್ದುದು ಅಡಿಗೆಯ ಉಪ್ಪಿಗೆ ಸಮೀಪದ ಲವಣ. ನೀರು ಬಿಸಿಯಾಗಿದ್ದರೆ ಲೋಹವೂ ಕಾದು ಬೇಗ ಒಣಗುತ್ತದೆ.

ಇನ್ನು ಕೆಲಸದ ಕ್ರಮ. ಎಲ್ಲಕ್ಕೂ ಮೊದಲು ಕೋವಿ ಬರಿದಾಗಿದೆಯೆಂದು ಕಣ್ಣಾರೆ ಕಾಣಬೇಕು. ಇನ್ನೊಬ್ಬರ ಮಾತನ್ನು ನಂಬಬಾರದು. ತೋಟೆ ಕೋವಿಯಾದರೆ ಮಡಿಚಿ ತೆರೆದು, ತೋಟೆಗಳನ್ನು ತೆಗೆದು ಬೇರೆ ಕೋಣೆಯಲ್ಲಿಡಬೇಕು. ಕೇಪಿನ ಕೋವಿಯಾದರೆ ಕೇಪನ್ನು ತೆಗೆದು, ಮದ್ದು ಜಡಿಯುವ ಸಲಾಕೆಯನ್ನು ನಳಿಗೆಯೊಳಗೆ ಇಳಿಬಿಟ್ಟು, ಬಾಯಿಯ ಮಟ್ಟದಲ್ಲಿ ಗುರುತಿಟ್ಟು, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಬೇಕು. ಸಲಾಕೆ ತಳ ಮುಟ್ಟಿದ್ದರೆ ಕೋವಿ ಬರಿದು. ಕೆಲವು ಬೆರಳು ಮೇಲೆಯೇ ನಿಂತಿದ್ದರೆ ಒಳಗೆ ಈಡು ಇರಬಹುದು. ಆಗಲೂ ಬಾಯಿ ಯಾರ ಕಡೆಗೂ ತಿರುಗಿರಬಾರದು.

ಬರಿದೆಂದು ಖಚಿತವಾದ ಮೇಲೆ ಕೇಪಿನ ಕೋವಿಯ ನಳಿಗೆಗೆ ಬಿಸಿನೀರು ಹೊಯ್ದು, ಸಲಾಕೆಯ ತುದಿಗೆ ಬಟ್ಟೆ ಸುತ್ತಿ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಕೇಪು ಕೂರುವ ಮೂತಿಯ ಸಣ್ಣ ತೂತನ್ನು ಮರೆಯಬಾರದು. ಹೊಗೆಯಿಲ್ಲದ ಮದ್ದಿನ ಈಗಿನ ತೋಟೆಗಳಿಗೆ ನೀರಿನ ಅವಶ್ಯವಿಲ್ಲ. ಅದಕ್ಕೆಂದೇ ಮಾಡಿದ ದ್ರಾವಣವೂ ಬ್ರಷ್ಷೂ ಸಾಕು. ಸಲಾಕೆಯನ್ನು ಮಾತ್ರ ತೋಟೆ ಹಾಕುವ ಕಡೆಯಿಂದಲೇ ತೂರಿಸಬೇಕು. ಅನಂತರ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ತೆಳುವಾಗಿ ಎಣ್ಣೆ ಲೇಪಿಸಬೇಕು. ಎಣ್ಣೆ ಹೆಚ್ಚಾದರೆ ಮರದ ಹಿಡಿಗೆ ಇಳಿದು ಮರ ಮೆತ್ತಗಾಗುತ್ತದೆ. ಕೈಯ ಬೆವರೂ ಉಪ್ಪೇ. ಹೊರಮೈಯನ್ನು ಕಡೆಗೊಮ್ಮೆ ಒರೆಸಿ, ಬೀಗ ಹಾಕಿಡಬೇಕು. ಮುಂದಿನ ಸಲ ಈಡು ಹೊಡೆಯುವ ಮುನ್ನ ಒಳಗಿನ ಎಣ್ಣೆಯನ್ನು ಒರೆಸಿ ತೆಗೆಯಬೇಕು.

ರಜೆಯಲ್ಲಿ ಊರಿಗೆ ಹೋಗುವ ವಾಚಕರಿಗೆ ನಮ್ಮದೊಂದು ವಿನಂತಿ. ಹಿರಿಯರ ಕಾಲದಿಂದ ಮೂಲೆಯಲ್ಲಿ ನಿಂತ ಕೋವಿಯಿದ್ದರೆ ಕುದುರೆ ಎಳೆದು ಪರೀಕ್ಷಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಎಂದೋ ತುಂಬಿದ ಈಡು ಅದರಲ್ಲಿ ಇನ್ನೂ ಇರಬಹುದು. ಕರಿಮದ್ದು ಒಣಗಿದ್ದರೆ ವರ್ಷಗಳಾದ ಮೇಲೂ ಹೊತ್ತಿಕೊಳ್ಳುತ್ತದೆ. ಅದನ್ನು ಕೆದಕಿ ತೆಗೆಯುವುದು ನಮ್ಮ ನಿಮ್ಮ ಕೆಲಸವಲ್ಲ. ಬಲ್ಲ ಕೋವಿ ರಿಪೇರಿಯವರನ್ನು ಮನೆಗೆ ಕರೆಸಿ ತೋರಿಸಿ.