ಕತ್ತಿನ ಗ್ರಂಥಿಗೂ ಕೂಸಿನ ಉಸಿರಿಗೂ ಏನು ಸಂಬಂಧ?

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಶ್ವಾಸಕೋಶದ ಲೆಕ್ಕ ಇದಕ್ಕೆ ತದ್ವಿರುದ್ಧ: ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಉಸಿರಿಗೆ ಲಾಭ. ಬಸರಾಳಿನ ಗರ್ಭಿಣಿಗೆ ದಿನ ತುಂಬುವ ಮೊದಲೇ ನೋವು ಬಂದರೆ ದೊಡ್ಡಾಸ್ಪತ್ರೆ ಎಂದರೆ ಸುಮಾರು 25 ಕಿ.ಮೀ. ದೂರದ ಮಂಡ್ಯದ ಮಿಮ್ಸ್. ಅಲ್ಲಿಗೆ ಸಾಗಿಸುವ ಮೊದಲೇ ಡೆಕ್ಸಾಮೆಥಸೋನ್ ಚುಚ್ಚುಮದ್ದಿನ ಮೊದಲ ಡೋಸು ಕೊಡಲು ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಹಳ್ಳಿಯ ನರ್ಸಮ್ಮನಿಗೂ ಅನುಮತಿ ಕೊಟ್ಟಿದೆ.

ಕೂಸಿನ ಶ್ವಾಸಕೋಶವನ್ನು ಬೇಗ ಬಲಿಸುವ ಆ ಮದ್ದು ಒಂದು ಸ್ಟೆರಾಯ್ಡ್. ಇದೇ ಕೆಲಸಕ್ಕೆ ಒಂದು ಕಾಲದಲ್ಲಿ ಕತ್ತಿನ ಥೈರಾಯ್ಡ್ ಗ್ರಂಥಿಯ ಹಾರ್ಮೋನೂ ಉಮೇದುವಾರನಾಗಿತ್ತು.

ಶ್ವಾಸಕೋಶದ ಗಾಳಿಗೂಡುಗಳ ಒಳಮೈ ಸದಾ ತೇವ. ಆ ತೇವದ ಸೆಳೆತಕ್ಕೆ ಗೂಡುಗಳು ಒದ್ದೆ ಪ್ಲಾಸ್ಟಿಕ್ ಚೀಲದಂತೆ ಅಂಟಿಕೊಂಡುಬಿಡಬೇಕಿತ್ತು. ಹಾಗಾಗದಂತೆ ತಡೆಯುವುದು ಸರ್ಫ್ಯಾಕ್ಟೆಂಟ್: ಶೇ. 90ರಷ್ಟು ಕೊಬ್ಬು, ಉಳಿದದ್ದು ಪ್ರೋಟೀನು. ಗೂಡಿನ ಗೋಡೆಯಲ್ಲಿರುವ ಎರಡನೇ ಬಗೆಯ ಜೀವಕೋಶಗಳು ಇದನ್ನು ತಯಾರಿಸುತ್ತವೆ. ತಯಾರಿ ಶುರುವಾಗುವುದು 24ನೇ ವಾರದ ಆಸುಪಾಸು, ಸಾಕಷ್ಟಾಗುವುದು 35ರ ಹೊತ್ತಿಗೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳು ಉಸಿರಿಗೆ ಒದ್ದಾಡಲು ಇದರ ಕೊರತೆಯೇ ಕಾರಣ ಎಂದು ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ತೋರಿಸಿಕೊಟ್ಟದ್ದು 1959ರಲ್ಲಿ.

ಈ ಜೀವಕೋಶಗಳಿಗೆ ಬಲಿಯಲು ಹೇಳುವವರಲ್ಲಿ ಥೈರಾಯ್ಡ್ ಹಾರ್ಮೋನೂ ಒಂದು. ಅದು ಜೀವಕೋಶದ ಕೇಂದ್ರಕ್ಕೇ ಹೋಗಿ ವಂಶವಾಹಿಗಳನ್ನು ಎಚ್ಚರಿಸುತ್ತದೆ. ಸರ್ಫ್ಯಾಕ್ಟೆಂಟಿನ ಕೊಬ್ಬಿನ ತಯಾರಿ ಚುರುಕಾಗುತ್ತದೆ. ಸ್ಟೆರಾಯ್ಡ್ ಜೊತೆಗೂಡಿದರೆ ಪರಿಣಾಮ ಇನ್ನೂ ಹೆಚ್ಚು. 1970ರ ದಶಕದ ಆರಂಭದಲ್ಲಿ ಇಲಿಗಳಲ್ಲಿ, ಮೊಲದ ಭ್ರೂಣಗಳಲ್ಲಿ ಇದು ಕಂಡುಬಂತು. ಹುಟ್ಟುವ ಹೊತ್ತಿಗೆ ಶ್ವಾಸಕೋಶದ ನೀರು ಇಂಗಲೂ ಇವೆರಡೂ ಹಾರ್ಮೋನುಗಳು ಬೇಕೆಂದು ಕುರಿಮರಿಗಳು ತೋರಿಸಿಕೊಟ್ಟವು.

ಹಾಗಾದರೆ ತಾಯಿಗೇ ಹಾರ್ಮೋನು ಕೊಟ್ಟರಾಯಿತಲ್ಲ? ಮಾಸು ಬಿಡುವುದಿಲ್ಲ, ದಾಟಲು ಹೊರಟ ಹಾರ್ಮೋನಿನ ಬಹುಪಾಲನ್ನು ಅದು ನಿಷ್ಕ್ರಿಯಗೊಳಿಸುತ್ತದೆ. ಆದ್ದರಿಂದ ವೈದ್ಯರು ಸುತ್ತುದಾರಿ ಹಿಡಿದರು. ಥೈರಾಯ್ಡನ್ನು ಎಬ್ಬಿಸಲು ಮಿದುಳು ಕಳಿಸುವ ಟಿಆರ್‌ಎಚ್ ಮಾಸನ್ನು ದಾಟಬಲ್ಲದು. ಅದನ್ನು ಸ್ಟೆರಾಯ್ಡ್ ಜೊತೆ ತಾಯಂದಿರಿಗೆ ಕೊಟ್ಟರು. ಆಸ್ಟ್ರೇಲಿಯಾದ ದೊಡ್ಡ ಪರೀಕ್ಷೆಯ ಫಲಿತಾಂಶ 1995ರಲ್ಲಿ ಬಂದಾಗ ನಿರೀಕ್ಷೆ ತಲೆಕೆಳಗಾಗಿತ್ತು: ಲಾಭವಿರಲಿ, ಉಸಿರಾಟದ ತೊಂದರೆಯೇ ತುಸು ಹೆಚ್ಚಾಗಿತ್ತು. 1998ರ ಅಮೆರಿಕದ ಪರೀಕ್ಷೆಯಲ್ಲೂ ಪ್ರಯೋಜನ ಕಾಣಲಿಲ್ಲ. ಟಿಆರ್‌ಎಚ್ ಕತೆ ಅಲ್ಲಿಗೆ ಮುಗಿಯಿತು.

ಸ್ಟೆರಾಯ್ಡ್ ಉಳಿದುಕೊಂಡಿತು, ಆದರೆ ಅದೂ ಸಲೀಸಾಗಿ ಅಲ್ಲ. ಬೆಳಗಾವಿಯೂ ಭಾಗವಹಿಸಿದ್ದ ಆರು ದೇಶಗಳ ಅಧ್ಯಯನವೊಂದು, ಹಳ್ಳಿಗಾಡಿನಲ್ಲಿ ಚುಚ್ಚುಮದ್ದಿನ ಬಳಕೆ ಹೆಚ್ಚಿಸಿದ ಕಡೆ ಒಟ್ಟು ಶಿಶುಮರಣ ಏರಿತೆಂದು 2015ರಲ್ಲಿ ವರದಿ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಪರೀಕ್ಷೆಗಿಳಿಯಿತು. ಅದರಲ್ಲೂ ಬೆಳಗಾವಿಯ ತಾಯಂದಿರಿದ್ದರು. ಈ ಬಾರಿ ಆರೈಕೆಯ ಸೌಲಭ್ಯವಿದ್ದ ಆಸ್ಪತ್ರೆಗಳಷ್ಟೇ, 34 ವಾರ ತುಂಬದ ಬಸಿರಷ್ಟೇ. 2020ರ ವರದಿಯಂತೆ, ಔಷಧಿ ಇಲ್ಲದವರಲ್ಲಿ ಶೇ. 23.5 ಇದ್ದ ನವಜಾತ ಮರಣ, ಔಷಧಿ ಪಡೆದವರಲ್ಲಿ 19.6ಕ್ಕೆ ಇಳಿದಿತ್ತು. ದಿನ ಲೆಕ್ಕ ಹಾಕದೆ ಸೂಜಿ ಹಾಕುವುದು ಚಿಕಿತ್ಸೆಯಲ್ಲ ಎಂಬುದು ಇದರಿಂದ ಸ್ಪಷ್ಟ.

ಥೈರಾಯ್ಡಿನ ಪಾತ್ರ ಮಾತ್ರ ಇನ್ನೊಂದು ಬಾಗಿಲಿನಿಂದ ಬರುತ್ತದೆ. ತಾಯಿಯ ಥೈರಾಯ್ಡ್ ಕುಗ್ಗಿದ್ದು ಚಿಕಿತ್ಸೆ ಸಿಗದಿದ್ದರೆ ಅವಧಿಪೂರ್ವ ಹೆರಿಗೆಯ ಅಪಾಯ ಹೆಚ್ಚು. ಮಾಸು ದಾಟಿ ಬರುವುದು ಸ್ವಲ್ಪವೇ ಆದರೂ, ಮೊದಲ ಮೂರು ತಿಂಗಳು ಭ್ರೂಣ ತಾಯಿಯ ಹಾರ್ಮೋನನ್ನೇ ನೆಚ್ಚಿರುತ್ತದೆ. ಮೊದಲೇ ಮಾತ್ರೆ ನುಂಗುತ್ತಿರುವವರಿಗೆ ಬಸಿರಾದ ಮೇಲೆ ಸಾಮಾನ್ಯವಾಗಿ ಡೋಸು ಹೆಚ್ಚಿಸಬೇಕಾಗುತ್ತದೆ, ವೈದ್ಯರು ಹೇಳಿದಂತೆ. ಹಳ್ಳಿಗಳಲ್ಲಿ ಎಡವಟ್ಟಾಗುವ ಜಾಗ ಬೇರೆ: ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಥೈರಾಯ್ಡ್ ಮಾತ್ರೆ ಮೂರನ್ನೂ ಒಟ್ಟಿಗೆ ನುಂಗಿಬಿಡುವುದು. ಮೊದಲ ಎರಡೂ ಮೂರನೆಯದನ್ನು ಮೈಗೆ ಹತ್ತಗೊಡುವುದಿಲ್ಲ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ, ನಾಲ್ಕು ಗಂಟೆ ಬಿಟ್ಟು ಉಳಿದವು.